ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗಾಲ್ಫ್ ಚೆಂಡಿನ ಐದು ಗಜದ ಜಗಳ

ಐದು ಗಜ. ಅಂದರೆ ಹದಿನೈದು ಅಡಿ, ಸುಮಾರು ಒಂದು ಕಾರಿನ ಉದ್ದ. ಗಾಲ್ಫ್ ಚೆಂಡು ಅತಿ ದೂರ ಹೋಗದಂತೆ ತಡೆಯುವ ಹೊಸ ನಿಯಮ ಜಾರಿಗೆ ಬಂದ ಮೇಲೆ ಸಾಮಾನ್ಯ ಹವ್ಯಾಸಿ ಆಟಗಾರ ಕಳೆದುಕೊಳ್ಳುವುದು ಹೆಚ್ಚೆಂದರೆ ಇಷ್ಟೇ. ಇದು ನಿಯಮ ಮಾಡಿದವರೇ ಕೊಟ್ಟಿರುವ ಲೆಕ್ಕ.

ಇನ್ನೂರು ಗಜ ಹೊಡೆಯುವವನಿಗೆ ಐದು ಗಜ ಯಾವ ಮಹಾ? ಚೆಂಡು ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ಮುಖದ ನಡುಮಧ್ಯ ತಾಗದೆ ಅರ್ಧ ಇಂಚು ಆಚೆ ತಾಗಿದರೆ ಅದಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಎದುರು ಗಾಳಿ ಬಂದರಂತೂ ಕೇಳುವುದೇ ಬೇಡ. ಬೆಳಗಿನ ಇಬ್ಬನಿಯಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಈ ವಿಷಯ ಎತ್ತಿದರೆ ಸಾಕು, ಭಾನುವಾರ ಬೆಳಗ್ಗೆ ಸುಮ್ನೆ ಖುಷಿಗೆ ಆಡುವವರ ಮುಖ ಕೆಂಪಗಾಗುತ್ತದೆ. ನನ್ನದೂ ಆಗುತ್ತದೆ, ಮುಚ್ಚಿಡುವುದೇನು.

ಈ ಸಿಟ್ಟು ಚೆಂಡಿಗಿಂತ ಹಳೆಯದು. ಚೆಂಡು ಅದಕ್ಕೆ ಸಿಕ್ಕಿರುವ ಹೊಸ ನೆಪ.

ಗಾಲ್ಫಿನ ನಿಯಮ ಬರೆಯುವ ಸಂಸ್ಥೆಗಳು ಎರಡು. ಒಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ. ಇನ್ನೊಂದು ಅಮೆರಿಕದ ಯುಎಸ್‌ಜಿಎ. ಅಮೆರಿಕ, ಮೆಕ್ಸಿಕೊ ಯುಎಸ್‌ಜಿಎ ಪಾಲಿಗೆ. ಉಳಿದ ಜಗತ್ತೆಲ್ಲ ಆರ್ ಅಂಡ್ ಎ ಪಾಲಿಗೆ. ಆಟದ ನಿಯಮದ ಜೊತೆಗೆ ಸಲಕರಣೆಗೇ ಬೇರೆ ನಿಯಮ ಪುಸ್ತಕ ಇದೆ. ಚೆಂಡಿನ ಅಡ್ಡಳತೆ 1.68 ಇಂಚಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು, ಅತಿ ದೂರ ಹೊಡೆಯಲು ಬಳಸುವ ಡ್ರೈವರ್ ಅನ್ನುವ ಕ್ಲಬ್ಬಿನ ತಲೆಯ ಗಾತ್ರ 460 ಸಿಸಿ ದಾಟಬಾರದು. ಹೀಗೆ ಒಂದೊಂದಕ್ಕೂ ಅಳತೆ. ಇದನ್ನೆಲ್ಲ ಬರೆಯುವವರನ್ನು ವಾರಾಂತ್ಯದ ಆಟಗಾರ ವೋಟು ಹಾಕಿ ಆರಿಸಿಲ್ಲ. ಹೊಸ ನಿಯಮ ತರುವ ಮೊದಲು ಅಭಿಪ್ರಾಯ ಕೇಳುತ್ತಾರೆ, ನಿಜ. ಆದರೆ ಅಂಥ ಕಡೆ ಮಾತಿಗೆ ತೂಕ ಬರುವುದು ಪ್ರಯೋಗಾಲಯ, ವಕೀಲರು, ಅಂಕಿಅಂಶ ಇಟ್ಟುಕೊಂಡವರಿಗೆ. ನಮ್ಮ ಹತ್ತಿರ ಇರುವುದು ಬೆನ್ನುನೋವು ಮತ್ತು ಒಂದು ಡಜನ್ ಚೆಂಡು.

ಈಗ ಆಗಿರುವುದೇನು ನೋಡೋಣ. ಒಂದು ಚೆಂಡು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 1976ರಿಂದಲೇ ಮಿತಿ ಇದೆ. ಸದ್ಯದ ಮಿತಿ 317 ಗಜ, ಅದರ ಮೇಲೆ ಮೂರು ಗಜ ವಿನಾಯಿತಿ. ಯಾರು ಹೊಡೆದರೆ ಅಂತ ಕೇಳಬೇಕಲ್ವಾ? 2004ರಿಂದ ನಡೆದುಬಂದಿರುವ ಪರೀಕ್ಷೆಯಲ್ಲಿ ಕ್ಲಬ್ಬಿನ ವೇಗ ಗಂಟೆಗೆ 120 ಮೈಲಿ ಅಂತ ಇಟ್ಟುಕೊಂಡಿದ್ದರು. ಆ ವೇಗದಲ್ಲಿ ಹೊಡೆದಾಗ ಚೆಂಡು 320 ಗಜ ದಾಟದಿದ್ದರೆ ಪಾಸು. ಹೊಸ ನಿಯಮದಲ್ಲಿ 317 ಗಜ ಹಾಗೇ ಇದೆ. ಹೊಡೆಯುವ ವೇಗ ಮಾತ್ರ 125 ಮೈಲಿಗೆ ಏರಿದೆ. ಚೆಂಡು ಮೇಲೇಳುವ ಕೋನ 10 ಡಿಗ್ರಿ ಇದ್ದದ್ದು 11 ಆಗಿದೆ. ಸುತ್ತು ನಿಮಿಷಕ್ಕೆ 2520 ಇದ್ದದ್ದು 2200ಕ್ಕೆ ಇಳಿದಿದೆ. ಈ ಮೂರೂ ಚೆಂಡನ್ನು ಇನ್ನಷ್ಟು ದೂರ ಕಳಿಸುವ ಬದಲಾವಣೆಗಳೇ. ಜೋರಾಗಿ ಹೊಡೆದರೂ ಅದೇ ಗೆರೆಯೊಳಗೆ ಬೀಳಬೇಕು ಅಂದರೆ ಚೆಂಡಿನ ಚುರುಕನ್ನೇ ತಗ್ಗಿಸಬೇಕು.

ನಿರ್ಧಾರ ಹೊರಬಿದ್ದದ್ದು 2023ರ ಡಿಸೆಂಬರ್‌ನಲ್ಲಿ. ಆಗ ಹೇಳಿದ ವೇಳಾಪಟ್ಟಿಯಂತೆ ದೊಡ್ಡ ಮಟ್ಟದ ಸ್ಪರ್ಧೆಗಳಿಗೆ 2028ರಿಂದ, ಉಳಿದವರಿಗೆಲ್ಲ 2030ರಿಂದ. ಅತಿ ದೂರ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಗಜ ಖೋತಾ. ಟೂರ್, ಅಂದರೆ ವೃತ್ತಿಪರ ಸ್ಪರ್ಧೆಗಳ ಸರಣಿ ಆಡುವ ಸರಾಸರಿ ಆಟಗಾರನಿಗೆ 9ರಿಂದ 11. ಮಹಿಳಾ ವೃತ್ತಿಪರರಿಗೆ 5ರಿಂದ 7. ನಮ್ಮಂಥವರಿಗೆ ಐದು ಅಥವಾ ಅದಕ್ಕಿಂತ ಕಡಿಮೆ. ಹವ್ಯಾಸಿ ಗಂಡಸು ಕ್ಲಬ್ ಬೀಸುವ ಸರಾಸರಿ ವೇಗ ಗಂಟೆಗೆ 93 ಮೈಲಿ, ಹೆಂಗಸಿನದು 72 ಅಂತ ಅದೇ ಸಂಸ್ಥೆಗಳು ಹೇಳಿವೆ. ಅಂದರೆ 125 ಮೈಲಿ ವೇಗಕ್ಕೆ ಹಾಕಿದ ಲಗಾಮು 72 ಮೈಲಿಯವರ ಚೆಂಡಿಗೂ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಯಾರಿಗಾದರೂ ನೆನಪಾಗುತ್ತದೆ.

ಇದರಲ್ಲೊಂದು ವಿಪರ್ಯಾಸ ಇದೆ. ಎಮ್ಮೆಗೆ ಬರೆ ಹಾಕುವ ಯೋಚನೆ ಅಧಿಕಾರಿಗಳಿಗೆ ಮೊದಲು ಇರಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಅವರು ಮುಂದಿಟ್ಟ ಪ್ರಸ್ತಾಪವೇ ಬೇರೆ. ದೊಡ್ಡ ಸ್ಪರ್ಧೆಗಳು ಬೇಕಾದರೆ ಅಳವಡಿಸಿಕೊಳ್ಳುವಂಥ ಒಂದು ಸ್ಥಳೀಯ ನಿಯಮ ಮಾಡೋಣ, ಕಡಿಮೆ ದೂರ ಹೋಗುವ ಚೆಂಡನ್ನು ಅಲ್ಲಿ ಮಾತ್ರ ಬಳಸಲಿ, ಹವ್ಯಾಸಿಗಳು ಈಗಿನ ಚೆಂಡಲ್ಲೇ ಆಡಿಕೊಂಡಿರಲಿ ಅಂತ. ಹವ್ಯಾಸಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ಅದಕ್ಕೆ ಅಡ್ಡಗಾಲು ಹಾಕಿದವರು ಯಾರು? ಅಮೆರಿಕದ ಪಿಜಿಎ ಟೂರ್ ಬೇಡ ಅಂತು. ಕ್ಲಬ್ಬುಗಳಲ್ಲಿ ಆಟ ಕಲಿಸುವ ವೃತ್ತಿಪರರ ಸಂಘವಾದ ಪಿಜಿಎ ಆಫ್ ಅಮೆರಿಕ ಬೇಡ ಅಂತು. ಟೈಟ್ಲಿಸ್ಟ್ ಚೆಂಡು ತಯಾರಿಸುವ ಅಕುಶ್ನೆಟ್ ಕಂಪನಿಯೂ ವಿರೋಧಿಸಿತು. ಎಲ್ಲರಿಗೂ ಒಂದೇ ನಿಯಮ ಇರಬೇಕು, ಆಟವನ್ನು ಎರಡು ಹೋಳು ಮಾಡಬಾರದು ಅನ್ನುವುದು ಮುಖ್ಯ ವಾದ. ಕಂಪನಿಗಳ ಲೆಕ್ಕ ಊಹಿಸುವುದು ಕಷ್ಟವಲ್ಲ. ಟಿವಿಯಲ್ಲಿ ಚಾಂಪಿಯನ್ ಹೊಡೆದ ಚೆಂಡನ್ನೇ ನೀವೂ ಹೊಡೆಯಬಹುದು ಅನ್ನುವುದರ ಮೇಲೇ ಅವರ ವ್ಯಾಪಾರ ನಿಂತಿದೆ. ಎರಡು ನಿಯಮ ಬಂದರೆ ಆ ಮಾತು ಸುಳ್ಳಾಗುತ್ತದೆ. ಒಂಬತ್ತು ತಿಂಗಳ ಬಳಿಕ ಅಧಿಕಾರಿಗಳು ತಿರುಗಿ ಬಂದು, ಸರಿ ಹಾಗಾದರೆ, ಒಂದೇ ನಿಯಮ ಕೇಳಿದಿರಲ್ಲ, ತಗೊಳ್ಳಿ, ಎಲ್ಲರಿಗೂ ಅನ್ನುವ ಹಾಗೆ ಮಾಡಿದರು. ಜಗಳ ಆಡಿದವರು ಟೂರ್, ಕಂಪನಿ, ಸಂಸ್ಥೆ. ಬಿಲ್ ಬಂದದ್ದು ಮೂಲೆಯಲ್ಲಿ ಸುಮ್ಮನೆ ಕೂತಿದ್ದವನಿಗೆ.

ಹೀಗಾದದ್ದು ಇದೇ ಮೊದಲಲ್ಲ. ಚೆಂಡನ್ನು ಎತ್ತರಕ್ಕೆ ಹಾರಿಸಿ ಹತ್ತಿರ ಬೀಳಿಸುವ ಕ್ಲಬ್ಬಾದ ವೆಡ್ಜ್ ಕಥೆ ಕೇಳಿ.

ಕ್ಲಬ್ಬಿನ ಮುಖದ ಮೇಲೆ ಅಡ್ಡಡ್ಡ ಗೀರುಗಳಿರುತ್ತವಲ್ಲ, ಅವಕ್ಕೆ ಗ್ರೂವ್ ಅನ್ನುತ್ತಾರೆ. ಉದ್ದ ಹುಲ್ಲಿನಿಂದ ಹೊಡೆಯುವಾಗ ಹುಲ್ಲಿನ ನೀರು, ರಸ ಆ ಗೀರುಗಳಿಗೆ ಇಳಿಯುತ್ತದೆ. ಅಂಚು ಚೂಪಾಗಿದ್ದರೆ ಅದು ಚೆಂಡನ್ನು ಹಿಡಿದು ಸುತ್ತು ಕೊಡುತ್ತದೆ. ವೃತ್ತಿಪರರು ಫೇರ್‌ವೇ ಅನ್ನುವ ಗಿಡ್ಡ ಹುಲ್ಲಿನ ಹಾದಿ ಬಿಟ್ಟು ಉದ್ದ ಹುಲ್ಲಿಗೆ ಹೊಡೆದರೂ ಅವರಿಗೆ ನಷ್ಟವೇ ಆಗುತ್ತಿಲ್ಲ, ನೇರ ಹೊಡೆಯುವ ಕಲೆಗೆ ಬೆಲೆ ಹೋಯಿತು ಅಂತ 2008ರಲ್ಲಿ ಗ್ರೂವ್ ನಿಯಮ ಬಿಗಿ ಮಾಡಿದರು. ಮುಖ 25 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಓರೆಯಾಗಿರುವ ಕ್ಲಬ್ಬುಗಳಲ್ಲಿ ಗೀರಿನ ಅಂಚು ಇಷ್ಟಕ್ಕಿಂತ ಚೂಪಾಗಿರಬಾರದು. ಎಷ್ಟು? ಅಂಚಿನ ದುಂಡಿಗೆ ಕನಿಷ್ಠ ಒಂದು ಇಂಚಿನ ನೂರನೇ ಒಂದು ಭಾಗದ ತ್ರಿಜ್ಯ ಇರಬೇಕು. ವೃತ್ತಿಪರರಿಗೆ 2010ರಿಂದ, ಮೇಲ್ಮಟ್ಟದ ಅಮೆಚೂರ್‌ಗಳಿಗೆ 2014ರಿಂದ. ಉಳಿದವರು ಹಳೆಯ ಕ್ಲಬ್ಬುಗಳನ್ನು ಕನಿಷ್ಠ 2024ರವರೆಗೆ ಬಳಸಬಹುದು ಅಂದಿದ್ದರು.

ನನ್ನ ಚೀಲದಲ್ಲಿ ಆ ಕಾಲದ ಒಂದು ವೆಡ್ಜ್ ಇದೆ. ಉಗುರಿನಿಂದ ಗೀರುಗಳನ್ನು ಕೆರೆದು ನೋಡಿದ್ದೇನೆ. ಒಂದು ಕಡೆ ತಡೆಯುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಕೆಳಗಿನ ಮೂರು ಗೀರು ಮರಳು ತಿಂದು ತಿಂದು ಸವೆದೇ ಹೋಗಿವೆ. ಕಾಗದದ ಮೇಲೆ ಇದು ಹಳೇ ನಿಯಮದ ಚೂಪು ಕ್ಲಬ್ಬು. ಕೈಯಲ್ಲಿ ಹಿಡಿದರೆ ಮೊಂಡು ಕತ್ತಿ. ಇಂಚಿನ ನೂರನೇ ಭಾಗ ಅಳೆಯುವ ಸಾಧನ ಯಾರ ಮನೆಯಲ್ಲಿರುತ್ತದೆ ಹೇಳಿ? 2024 ಬಂತು, ಹೋಯಿತು. ಹಳೇ ವೆಡ್ಜ್ ಇಟ್ಟುಕೊಂಡ ಯಾರನ್ನಾದರೂ ಇದು ಈಗ ನಡೆಯುತ್ತಾ ಅಂತ ಕೇಳಿ, ತಲೆ ಕೆರೆದುಕೊಳ್ಳುತ್ತಾರೆ. ಗಡುವು ಕೊಟ್ಟಾಗ ಇದ್ದ ಸದ್ದು ಗಡುವು ಮುಗಿದಾಗ ಅವರ ಕಿವಿಗೆ ಬಿದ್ದೇ ಇಲ್ಲ.

ಮಜಾ ಏನೆಂದರೆ ಆ ನಿಯಮದ ಬಿಸಿ ತಾಗಬೇಕಾದವರೇ 2010ರಲ್ಲಿ ಸಂದಿ ಹುಡುಕಿದರು. ಕ್ಲಬ್ ತಯಾರಿಸುವ ಪಿಂಗ್ ಕಂಪನಿ ಹಿಂದೊಮ್ಮೆ ಗ್ರೂವ್ ವಿಷಯಕ್ಕೆ ಯುಎಸ್‌ಜಿಎ ಮೇಲೆ ಕೇಸು ಹಾಕಿ ರಾಜಿ ಮಾಡಿಕೊಂಡಿತ್ತು. ಅದರಿಂದಾಗಿ 1990ರ ಏಪ್ರಿಲ್ 1ಕ್ಕಿಂತ ಮೊದಲು ತಯಾರಾದ ಪಿಂಗ್ ಐ2 ಕ್ಲಬ್ಬುಗಳಿಗೆ ವಿನಾಯಿತಿ ಇತ್ತು. ಹೆಸರಾಂತ ವೃತ್ತಿಪರ ಫಿಲ್ ಮಿಕಲ್ಸನ್ ಇಪ್ಪತ್ತು ವರ್ಷ ಹಳೆಯ ಐ2 ವೆಡ್ಜ್ ಹಿಡಿದು ಟೂರಿಗೇ ಇಳಿದರು. ನಿಯಮದ ಪ್ರಕಾರ ತಪ್ಪಿಲ್ಲ. ಹವ್ಯಾಸಿಗೆ ಅಂಥ ಸಂದಿಯೂ ಬೇಕಿಲ್ಲ, ವಕೀಲರೂ ಬೇಕಿಲ್ಲ. ಅವನಿಗೆ ಬೇಕಿದ್ದದ್ದು ಹೌದು ಅಥವಾ ಇಲ್ಲ ಅನ್ನುವ ಒಂದೇ ಮಾತು.

ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಕ್ಲಬ್ಬಾದ ಪಟರ್ ವಿಷಯ ಇನ್ನೂ ನೋವಿನದು. ಉದ್ದ ಪಟರನ್ನು ಹೊಟ್ಟೆಗೋ ಎದೆಗೋ ಒತ್ತಿ ಹಿಡಿದು ಹೊಡೆಯುವ ಪದ್ಧತಿ ದಶಕಗಳಿಂದ ಇತ್ತು. ಕೈ ನಡುಗುವವರು, ಬೆನ್ನು ಬಗ್ಗದವರು ಅದನ್ನು ಹಿಡಿದು ಆಟದಲ್ಲಿ ಉಳಿದುಕೊಂಡಿದ್ದರು. ಅಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. 2011ರಲ್ಲಿ ಕೀಗನ್ ಬ್ರ್ಯಾಡ್ಲಿ ಹಾಗೆ ಆಡಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದರು. 2012ರಲ್ಲಿ ವೆಬ್ ಸಿಂಪ್ಸನ್, ಎರ್ನಿ ಎಲ್ಸ್ ದೊಡ್ಡ ಪ್ರಶಸ್ತಿ ಗೆದ್ದರು. ಆ ವರ್ಷದ ನವೆಂಬರ್‌ನಲ್ಲೇ ನಿಷೇಧದ ಪ್ರಸ್ತಾಪ ಬಂತು. 2016ರ ಜನವರಿ 1ರಿಂದ ಜಾರಿ. ಉದ್ದ ಪಟರ್ ಇಟ್ಟುಕೊಳ್ಳಬಹುದು, ಮೈಗೆ ಒತ್ತುವ ಹಾಗಿಲ್ಲ. ಇದು ಗಾಲ್ಫ್ ಹೊಡೆತದ ಸ್ವರೂಪದ ಪ್ರಶ್ನೆ ಅಂತ ಅಧಿಕಾರಿಗಳು ಹೇಳಿದರು. ಇರಬಹುದು. ಆದರೆ ಮೂರು ಜನ ಚಾಂಪಿಯನ್ ಆಗುವ ತನಕ ಆ ಪ್ರಶ್ನೆಗೆ ಇಷ್ಟು ಅವಸರ ಇರಲಿಲ್ಲವಲ್ಲ? ಗೆದ್ದವರು ಬೇರೆ ಪಟರ್ ಹಿಡಿದು ಮುಂದೆ ಹೋದರು. ಎರಡಡಿ ದೂರದ ಪಟ್ ಮುಂದೆ ಕೈ ನಡುಗುವ ಅರವತ್ತೈದರ ಆಟಗಾರನಿಗೆ ಆ ದಾರಿ ಇರಲಿಲ್ಲ.

ಅಧಿಕಾರಿಗಳ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ಅನ್ಯಾಯ. ಅವರು ಹೇಳುವ ಸಮಸ್ಯೆ ನಿಜ. 1980ರಲ್ಲಿ ಪಿಜಿಎ ಟೂರಿನ ಸರಾಸರಿ ಡ್ರೈವ್, ಅಂದರೆ ಡ್ರೈವರಿನ ಉದ್ದ ಹೊಡೆತ, 257 ಗಜ ಇತ್ತು. 2003ಕ್ಕೆ ಸುಮಾರು 286, 2023ಕ್ಕೆ ಹೆಚ್ಚುಕಡಿಮೆ 300. ಚೆಂಡು ದೂರ ಹೋದ ಹಾಗೆಲ್ಲ ಮೈದಾನ ಉದ್ದವಾಗಬೇಕು. ಅಮೆರಿಕದ ಹೆಸರಾಂತ ಮೈದಾನ ಅಗಸ್ಟಾ ನ್ಯಾಷನಲ್‌ನಲ್ಲಿ 13ನೇ ಹೋಲಿನ ಟೀಯನ್ನು (ಮೊದಲ ಹೊಡೆತ ಹೊಡೆಯುವ ಜಾಗ) 2023ರಲ್ಲಿ 35 ಗಜ ಹಿಂದಕ್ಕೆ ಒಯ್ದು 545 ಗಜ ಮಾಡಿದರು. ಅವರಿಗೆ ದುಡ್ಡೂ ಇದೆ, ಜಾಗವೂ ಇದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಬ್ರಿಟಿಷ್ ಓಪನ್ ಸ್ಪರ್ಧೆ ನಡೆದಾಗ ಕೆಲವು ಟೀಗಳನ್ನು ಆ ಮೈದಾನದ ಎಲ್ಲೆಯ ಆಚೆಗೇ ಇಡಬೇಕಾಯಿತು. ಉದ್ದ ಜಾಸ್ತಿಯಾದರೆ ಹುಲ್ಲು ಜಾಸ್ತಿ, ನೀರು ಜಾಸ್ತಿ, ಗೊಬ್ಬರ ಜಾಸ್ತಿ, ನಡೆಯುವ ಹೊತ್ತೂ ಜಾಸ್ತಿ. ಕೊನೆಗೆ ಅದರ ಖರ್ಚು ತಿಂಗಳ ಶುಲ್ಕದಲ್ಲಿ ನಮ್ಮ ತಲೆಗೇ ಬರುತ್ತದೆ. ಹಾಗೆ ನೋಡಿದರೆ ಚೆಂಡಿಗೆ ಲಗಾಮು ಹಾಕುವುದರಿಂದ ಹವ್ಯಾಸಿಗೂ ಲಾಭ ಇದೆ.

ಹಾಗಾದರೆ ಆಕ್ಷೇಪ ಏನು? ತಡ. ಟೂರ್ ಮಟ್ಟದಲ್ಲಿ ದೂರ ಇನ್ನೂ ಗಣನೀಯವಾಗಿ ಹೆಚ್ಚುವುದು ಒಳ್ಳೆಯದಲ್ಲ ಅಂತ ಇವೇ ಎರಡು ಸಂಸ್ಥೆಗಳು ಜಂಟಿ ಹೇಳಿಕೆ ಕೊಟ್ಟದ್ದು 2002ರಲ್ಲಿ. ಚೆಂಡಿನ ವಿಷಯದಲ್ಲಿ ಗಟ್ಟಿ ಹೆಜ್ಜೆ ಇಟ್ಟದ್ದು 2023ರಲ್ಲಿ. ಈ ನಡುವೆ ಒಂದು ತಲೆಮಾರು ಆ ಚೆಂಡಲ್ಲೇ ಆಟ ಕಲಿತು, ಆ ಚೆಂಡಿಗೆ ತಕ್ಕ ಕ್ಲಬ್ ಕೊಂಡಿತು, ಆ ಉದ್ದಕ್ಕೆ ತಕ್ಕ ಮೈದಾನ ಕಟ್ಟಿತು. ಈಗ ಹಿಂದಕ್ಕೆ ಹೋಗಿ ಅಂದರೆ ಯಾರಿಗೆ ಖುಷಿಯಾಗುತ್ತದೆ?

ಈಗ "ಒಂದೇ ಆಟ, ಒಂದೇ ನಿಯಮ" ಅನ್ನುವ ಮಾತಿಗೆ ಬರೋಣ. ಇದನ್ನು ವೇದವಾಕ್ಯದ ಹಾಗೆ ಹೇಳುತ್ತಾರೆ. ಇತಿಹಾಸ ನೋಡಿದರೆ ಹಾಗೇನೂ ಇಲ್ಲ. ಅಮೆರಿಕದ ವಾಲ್ಟರ್ ಟ್ರಾವಿಸ್ 1904ರಲ್ಲಿ ಹೊಸ ಮಾದರಿಯ ಪಟರ್ ಹಿಡಿದು ಬ್ರಿಟಿಷ್ ಅಮೆಚೂರ್ ಸ್ಪರ್ಧೆ ಗೆದ್ದರು. ಕೋಲಿನ ದಂಡ ಅದರ ತಲೆಯ ನಡುವಿಗೆ ಕೂರುತ್ತಿತ್ತು. 1910ರಲ್ಲಿ ಆರ್ ಅಂಡ್ ಎ ಅಂಥವನ್ನು ನಿಷೇಧಿಸಿತು, ಅಮೆರಿಕದಲ್ಲಿ ಅದು ನಡೆಯುತ್ತಲೇ ಇತ್ತು. ಸುಮಾರು ನಲವತ್ತು ವರ್ಷ ಹೀಗೇ ಸಾಗಿತು. ಚೆಂಡಿನದೂ ಅದೇ ಕಥೆ. ಅಮೆರಿಕದಲ್ಲಿ 1.68 ಇಂಚು, ಆರ್ ಅಂಡ್ ಎ ಸೀಮೆಯಲ್ಲಿ 1.62 ಇಂಚಿನ ಚಿಕ್ಕ ಚೆಂಡಿಗೂ 1990ರವರೆಗೆ ಅವಕಾಶ ಇತ್ತು. ಆಟ ಏನೂ ಮುಳುಗಿಹೋಗಲಿಲ್ಲ.

ಈಗಲೂ ಬಿರುಕು ಇದ್ದೇ ಇದೆ. 2022ರಿಂದ ದೊಡ್ಡ ಸ್ಪರ್ಧೆಗಳು ಪಟರ್ ಬಿಟ್ಟು ಉಳಿದ ಕ್ಲಬ್ಬಿನ ಉದ್ದವನ್ನು 46 ಇಂಚಿಗೆ ಮಿತಿಗೊಳಿಸಬಹುದು. ನಮಗೆ 48 ಇಂಚು ನಡೆಯುತ್ತದೆ. ಅಂದರೆ ಕ್ಲಬ್ಬಿನ ಉದ್ದಕ್ಕೆ ಎರಡು ನಿಯಮ ಆಗುತ್ತದೆ, ಚೆಂಡಿಗೆ ಆಗುವುದಿಲ್ಲ. ಈ ತರ್ಕ ನನಗಂತೂ ಅರ್ಥವಾಗಿಲ್ಲ.

ಒಂದೇ ನಿಯಮದ ಪರ ಇರುವ ಗಟ್ಟಿ ವಾದ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ತೋರಿಸುವ ಅಂಕ. 2020ರಿಂದ ಇಡೀ ಜಗತ್ತಿಗೆ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ. ನಿಯಮಕ್ಕೆ ಹೊಂದುವ ಚೆಂಡು, ಕ್ಲಬ್ಬಿನಿಂದ ಆಡಿದ ಸ್ಕೋರನ್ನು ಮಾತ್ರ ಅಲ್ಲಿ ದಾಖಲಿಸಬಹುದು. ನನ್ನ ಹ್ಯಾಂಡಿಕ್ಯಾಪ್ ಹದಿನಾರಕ್ಕೂ ಜಗತ್ತಿನ ಇನ್ನೊಂದು ಮೂಲೆಯಲ್ಲಿರುವವನ ಹದಿನಾರಕ್ಕೂ ಒಂದೇ ಬೆಲೆ ಇರಬೇಕಾದರೆ ಸಲಕರಣೆ ಒಂದೇ ಇರಬೇಕು. ಒಪ್ಪಿದೆ. ಆದರೆ ಮಾರ್ಚ್ ಪ್ರಸ್ತಾಪದಲ್ಲಿ ಹವ್ಯಾಸಿಗಳೆಲ್ಲ ಒಂದೇ ಚೆಂಡಲ್ಲೇ ಆಡುತ್ತಿದ್ದರಲ್ಲ? ಬೇರೆಯಾಗುತ್ತಿದ್ದವರು ಮೇಲಿನ ಕೆಲವೇ ಜನ. ನಮ್ಮ ಹದಿನಾರಕ್ಕೆ ಅವರಿಂದ ಏನಾಗಬೇಕಿತ್ತು?

ಇನ್ನೊಂದು ಸೂಕ್ಷ್ಮ ಇದೆ. ಈ ನಿಯಮಗಳನ್ನು ನಮ್ಮ ಮಟ್ಟದಲ್ಲಿ ತಪಾಸಣೆ ಮಾಡುವವರೇ ಇಲ್ಲ. ಡ್ರೈವರ್ ಪರೀಕ್ಷೆ ಹೇಗಿರುತ್ತದೆ ಗೊತ್ತಾ? ಲೋಲಕದ ತುದಿಯಲ್ಲಿ ಒಂದು ಉಕ್ಕಿನ ತುಂಡು. ಅದು ತೂಗಿ ಬಂದು ಡ್ರೈವರ್ ಮುಖಕ್ಕೆ ಟಕ್ ಅಂತ ತಾಗಿ ಹಿಂದೆ ಹೋಗುತ್ತದೆ. ಎಷ್ಟು ಹೊತ್ತು ತಾಗಿತ್ತು ಅನ್ನುವುದನ್ನು ಮೈಕ್ರೋಸೆಕೆಂಡಿನಲ್ಲಿ ಅಳೆಯುತ್ತಾರೆ. ಮಿತಿ 239, ವಿನಾಯಿತಿ 18, ಒಟ್ಟು 257. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ ಅದರಲ್ಲಿ 257 ಚೂರು. ಹೊಡೆದು ಹೊಡೆದು ಮುಖದ ಚಿಮ್ಮುವ ಗುಣ ಜಾಸ್ತಿಯಾಗಿ ಒಳ್ಳೇ ಡ್ರೈವರೂ ಒಂದು ದಿನ ಮಿತಿ ದಾಟಬಹುದು. 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ರೋರಿ ಮ್ಯಾಕಿಲ್ರಾಯ್ ಡ್ರೈವರೂ ಸ್ಕಾಟಿ ಶೆಫ್ಲರ್ ಡ್ರೈವರೂ ಹೀಗೇ ಫೇಲಾದವು. ಶೆಫ್ಲರ್ ಬೇರೆ ಡ್ರೈವರ್ ತಗೊಂಡು ಆ ಪ್ರಶಸ್ತಿಯನ್ನೇ ಗೆದ್ದರು. ಜಗತ್ತಿನ ಅಗ್ರ ಆಟಗಾರರಿಗೇ ತಮ್ಮ ಕ್ಲಬ್ ಮಿತಿ ದಾಟಿದ್ದು ಯಂತ್ರ ಹೇಳುವವರೆಗೆ ಗೊತ್ತಾಗುವುದಿಲ್ಲ. ನನ್ನ ಡ್ರೈವರ್ ಮುಂದೆ ಆ ಯಂತ್ರ ಯಾವತ್ತೂ ಬರುವುದಿಲ್ಲ.

ಹೀಗಿದ್ದೂ ಹವ್ಯಾಸಿಗಳು ನಿಯಮ ಪಾಲಿಸುತ್ತಾರೆ. ಯಾರೂ ನೋಡದ ಪೊದೆಯ ಹಿಂದೆ ಚೆಂಡು ಅಲುಗಿತು ಅಂತ ತಾವೇ ಹೇಳಿ ಒಂದು ಹೊಡೆತ ಜಾಸ್ತಿ ಬರೆದುಕೊಳ್ಳುತ್ತಾರೆ. ಈ ಆಟ ನಿಂತಿರುವುದೇ ಆ ನಂಬಿಕೆ ಮೇಲೆ. ಅಧಿಕಾರಿಗಳ ನಿಜವಾದ ಬಂಡವಾಳವೂ ಅದೇ. ಪೊಲೀಸರಿಲ್ಲದ ಊರಲ್ಲಿ ಕಾನೂನು ಮಾಡುವವರು ಜನರಿಗೆ ಕಾರಣ ಬಿಡಿಸಿ ಹೇಳಬೇಕು. ಚೆಂಡಿನ ವಿಷಯದಲ್ಲಿ ಹವ್ಯಾಸಿಗೆ ಸಿಕ್ಕ ಉತ್ತರ "ನಿಮಗೆ ಐದೇ ಗಜ ಅಲ್ವಾ" ಅನ್ನುವಷ್ಟೇ. ಬರೀ ಐದೇ ಗಜ ಆದರೆ ನಮ್ಮನ್ನು ಬಿಟ್ಟುಬಿಡಬಹುದಿತ್ತಲ್ಲ ಅಂತ ಅವನು ತಿರುಗಿ ಕೇಳಿದರೆ ತಪ್ಪೇನಿದೆ?

2030ರಲ್ಲಿ ಏನಾಗುತ್ತದೆ? ಸಂಸ್ಥೆಗಳು ಒಪ್ಪಿದ ಚೆಂಡುಗಳ ಪಟ್ಟಿಯಲ್ಲಿ 30%ಗಿಂತ ಜಾಸ್ತಿ ಮಾದರಿಗಳು ಹೊಸ ಪರೀಕ್ಷೆಯಲ್ಲೂ ಪಾಸಾಗುತ್ತವೆ ಅಂತ ಸಂಸ್ಥೆಗಳ ಅಂದಾಜು. ಉಳಿದವು? ಅಂಗಡಿಯಿಂದ ಹೋಗುತ್ತವೆ, ಮನೆಯ ಡ್ರಾಯರ್‌ನಿಂದ ಹೋಗುವುದಿಲ್ಲ. ಗಾಲ್ಫ್ ಆಡುವವರ ಮನೆಯಲ್ಲಿ ಅಂಥದ್ದೊಂದು ಡ್ರಾಯರ್ ಇದ್ದೇ ಇರುತ್ತದೆ. ಕೊಂಡದ್ದು, ಸಿಕ್ಕಿದ್ದು, ಯಾರೋ ಕೊಟ್ಟದ್ದು, ಕೊಳದಿಂದ ತೆಗೆದದ್ದು. ಚೆಂಡಿನ ಮೇಲಿನ ಹೆಸರು, ಪಕ್ಕದ ಗುರುತು ನೋಡಿ ಪಟ್ಟಿಯಲ್ಲಿ ಹುಡುಕಬೇಕು. ಕನ್ನಡಕ ಬೇಕು, ತಾಳ್ಮೆ ಬೇಕು. ಸ್ಪರ್ಧೆಯಲ್ಲಿ ನಿಯಮಕ್ಕೆ ಹೊಂದದ ಚೆಂಡು ಹೊಡೆದರೆ ಅನರ್ಹ. ಸುಮ್ನೆ ಆಡುವ ದಿನ ಕೇಳುವವರಿಲ್ಲ, ಆದರೆ ಆ ಸ್ಕೋರು ಹ್ಯಾಂಡಿಕ್ಯಾಪ್‌ಗೆ ಹಾಕುವ ಹಾಗಿಲ್ಲ. ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಬೇರೆ ಮಾತು.

ಮೊನ್ನೆ ಪೊದೆಯಲ್ಲಿ ನನ್ನ ಚೆಂಡು ಹುಡುಕುವಾಗ ಬೇರೆ ಯಾರದೋ ಒಂದು ಸಿಕ್ಕಿತು. ಒಂದು ಗೀರೂ ಇಲ್ಲ. ಜೊತೆಗೆ ಆಡುತ್ತಿದ್ದ ಹಿರಿಯರಿಗೆ ತೋರಿಸಿದೆ. ಅವರಿಗೆ ಎಪ್ಪತ್ತೆರಡು. ತಿರುಗಿಸಿ ನೋಡಿ, ಪ್ಯಾಂಟಿಗೆ ಒರೆಸಿ ವಾಪಸ್ ಕೊಟ್ಟರು.

"ಜೇಬಿಗೆ ಹಾಕ್ಕೊಳ್ಳಿ. 2030ರವರೆಗೆ ನಡೆಯುತ್ತೆ."

"ಆಮೇಲೆ ಏನ್ಮಾಡೋದು ಸಾರ್?"

ಅವರು ಆಗಲೇ ತಮ್ಮ ಚೆಂಡಿನ ಕಡೆ ಹೊರಟಿದ್ದರು. "ಆಮೇಲೆ ನೀವು ನನ್ನ ಚೆಂಡು ನೋಡಬೇಡಿ, ನಾನು ನಿಮ್ಮದು ನೋಡಲ್ಲ."